ಹಳದಿ ಕೊಡೆ

ಬನ್ನಿ, ನೆರಳಿಗೆ ಬನ್ನಿ, ಎಣಿಸಿಬಿಡುತ್ತೇನೆ:
ಹನ್ನೊಂದು. ಒಬ್ಬರು ಇನ್ನೂ ಟೋಪಿ ಕೊಳ್ಳುತ್ತಿದ್ದಾರೆ.
ನನ್ನ ಹೆಸರು ಕ್ರೊಚಿಫಿಸ್ಸಾ. ನಾಲಿಗೆ ತೊಡರಿದರೆ
ಕೊಡೆಯಮ್ಮ ಅನ್ನಿ, ಓಗೊಡುತ್ತೇನೆ.
ಪಲೆರ್ಮೊದಲ್ಲಿ ಇಷ್ಟು ಹಳದಿ ಕೊಡೆ ಇನ್ನೊಂದಿಲ್ಲ,
ಮಳೆಯನ್ನೇ ಕಂಡಿಲ್ಲ ಪಾಪ.
ನಾಲ್ಕು ಗಂಟೆ, ಐದು ತಿನಿಸು, ಹತ್ತು ಶತಮಾನ.
ಹೊಟ್ಟೆ ತುಂಬಿಸಿಕೊಂಡು ಬಂದಿದ್ದರೆ
ತಪ್ಪು ನಿಮ್ಮದು.

ಇದು ಇಗರ್ಜಿ. ಮುಂಚೆ ಮಸೀದಿ.
ಅದಕ್ಕೂ ಮುಂಚೆ ಇಗರ್ಜಿ.
ಎಡಗಡೆಯ ಕಂಬದಲ್ಲಿ ಅರಬ್ಬಿ ಅಕ್ಷರ ಕಾಣುತ್ತದಲ್ಲ,
ಗೆದ್ದು ಬಂದವರು ಅದನ್ನು ಒಡೆಯಲಿಲ್ಲ.
ಔದಾರ್ಯ ಅಂತ ಬರೆದವರಿದ್ದಾರೆ.
ಒಳ್ಳೆಯ ಕಲ್ಲಿಗೆ ಆಗಲೂ ದುಬಾರಿ ಬೆಲೆ ಅಂತ ನಾನು.

ಗಾಸ್ಪರೆಯ ಗಾಡಿ. ಪನೆಲ್ಲೆ.
ಕಡಲೆಹಿಟ್ಟು, ನೀರು, ಉಪ್ಪು, ಚಿಟಿಕೆ ಸೊಪ್ಪು,
ತೆಳ್ಳಗೆ ಹರಡಿ, ಆರಿಸಿ, ಕೊಯ್ದು ಕರಿದದ್ದು.
ನಿಂಬೆ ಹಿಂಡಿಕೊಳ್ಳಿ. ಬಿಸಿ, ಜೋಪಾನ!
'ಎಣ್ಣೆ ಯಾವತ್ತಿನದು?' ಕೇಳುತ್ತಾರೆ ಟೋಪಿಯವರು.
ಗಾಸ್ಪರೆ ನಮ್ಮ ಭಾಷೆಯಲ್ಲಿ ಅವರ ವಂಶದ ಬಗ್ಗೆ
ಎರಡು ಮಾತು ಹೇಳುತ್ತಾನೆ.
'ಇವತ್ತಿನದಂತೆ' ಎಂದು ಅನುವಾದಿಸುತ್ತೇನೆ.

ಈ ಬೀದಿಯ ಫಲಕದಲ್ಲಿ ಮೂರು ಲಿಪಿ.
ಅದರಲ್ಲೊಂದನ್ನು ಓದುತ್ತಿದ್ದವರನ್ನು
ಐನೂರು ವರ್ಷದ ಹಿಂದೆ ಹಡಗು ಹತ್ತಿಸಿ ಕಳಿಸಿದರು.
ಕಸಾಯಿಯವರಿದ್ದರು ಅವರಲ್ಲಿ;
ಕೊಯ್ದದ್ದಕ್ಕೆ ಹಣ ಮುಟ್ಟುವಂತಿರಲಿಲ್ಲವಂತೆ,
ಕರುಳು, ಗುಲ್ಮ, ಶ್ವಾಸಕೋಶ, ಅದೇ ಕೂಲಿ.
ಜನ ಹೋದರು, ಬನ್ನು ಉಳಿಯಿತು.
ಹೀಗೆಂದು ಹೇಳುತ್ತಾರೆ, ನಾನೂ ಹೇಳುತ್ತೇನೆ,
ದಿನಕ್ಕೆರಡು ಸಲ, ಭಾನುವಾರ ಬಿಟ್ಟು.
ಈಗ ಆರಿಸಿ: ಕನ್ನೆಯೋ, ಮದುವೆಯಾದದ್ದೋ?
ಗಾಬರಿ ಬೇಡ. ಕನ್ನೆ ಅಂದರೆ ಬರೀ ಗುಲ್ಮ, ನಿಂಬೆ.
ಮದುವೆಯಾದದ್ದಕ್ಕೆ ಮೇಲೆ ಬಿಳಿ ಗಿಣ್ಣು.
ಎಲ್ಲರೂ ನಗುತ್ತಾರೆ ಇಲ್ಲಿ. ನಕ್ಕರು.

ಆಮೇಲೆ ಆ ಖಾಲಿ ಜಾಗ.
ಮೋಟುಗೋಡೆ, ಸಾಲು ಸ್ಕೂಟರು, ಯಾರೂ ನೆಡದ ಅಂಜೂರ.
ಎರಡನೇ ಮಹಡಿಯೆತ್ತರದಲ್ಲಿ, ಪಕ್ಕದ ಮನೆಯ ಗೋಡೆಗೆ
ಅಂಟಿಕೊಂಡೇ ಇದೆ ಯಾರದೋ ಅಡುಗೆಮನೆಯ
ನಾಲ್ಕು ನೀಲಿ ಹೆಂಚು.
ಇಲ್ಲಿ ನಾನು ಕೊಡೆ ಎತ್ತಿ ಬೇಗ ನಡೆಯುತ್ತೇನೆ.

'ಇಲ್ಲಿ ಏನಿತ್ತು?'
ಡೆನ್ಮಾರ್ಕಿನ ಹುಡುಗಿ. ಒಂಬತ್ತೋ ಹತ್ತೋ.
ಕೈಯಲ್ಲಿ ಅರ್ಧ ಬನ್ನು, ಹಿಂಡಿದ ಹಾಗೆ ಮುಖ.
'ಗಾಡಿ ನಿಲ್ಲಿಸುವ ಜಾಗ' ಅಂದೆ. ಸುಳ್ಳೇನಲ್ಲ.

ಯಾರದೋ ಅಂದೆನಲ್ಲ, ನನ್ನ ಅಜ್ಜಿಯದು ಆ ಹೆಂಚು.
ನಲವತ್ತಮೂರನೇ ಇಸವಿಯ ಮೇ ತಿಂಗಳು,
ಒಣಗಿದ ದಪ್ಪ ಅವರೆಯ ಗಂಜಿ, ಮಾಕ್ಕೊ,
ಆ ವಾರದಲ್ಲಿ ನಾಲ್ಕನೇ ಸಲ.
ಅಮ್ಮ ತಟ್ಟೆ ತಳ್ಳಿದಳು. ಬೈಸಿಕೊಂಡಳು.
ಮುನಿಸಿಕೊಂಡು ಊರಾಚೆಯ ಅತ್ತೆ ಮನೆಗೆ
ಒಬ್ಬಳೇ ಬಿರಬಿರ ನಡೆದಳು.
'ಹಸಿವಾದಾಗ ತಾನೇ ಬರ್ತಾಳೆ' ಅಂದಿದ್ದಳಂತೆ ಅಜ್ಜಿ
ಮೆಟ್ಟಿಲವರೆಗೆ ಕೇಳುವ ಹಾಗೆ.

ವಿಮಾನಗಳ ವಿಷಯ ನಿಮಗೆ ಗೊತ್ತಿದೆ.

ಆಮೇಲೆ ಎಪ್ಪತ್ತು ವರ್ಷ ಅಮ್ಮ
ತಟ್ಟೆಯಲ್ಲಿ ಒಂದು ಚೂರು ಬಿಡಲಿಲ್ಲ,
ನಮ್ಮ ತಟ್ಟೆಗಳಲ್ಲೂ.
ಮಾಕ್ಕೊ ಮಾತ್ರ ನಮ್ಮ ಒಲೆ ಹತ್ತಲಿಲ್ಲ.

ಇದನ್ನು ಹೇಳಲು ನಾಲ್ಕು ನಿಮಿಷ ಬೇಕು.
ಹನ್ನೆರಡೂವರೆಗೆ ಐಸ್‌ಕ್ರೀಮು.

ಎರಡಕ್ಕೆ ಕೈಕುಲುಕಿ, ಚಿಲ್ಲರೆ ಎಣಿಸಿ,
ಕೊಡೆ ಮಡಚಿ ಅದೇ ದಾರಿಯಲ್ಲಿ ವಾಪಸು ಬಂದೆ.
ಮೋಟುಗೋಡೆಯ ಮೇಲೆ ಅರ್ಧ ಬನ್ನು,
ಕರವಸ್ತ್ರದಲ್ಲಿ ಸುತ್ತಿ ಇಟ್ಟದ್ದು, ಬಿಸಾಡಿದ್ದಲ್ಲ.
ಬೆಕ್ಕೊಂದು ಮೂಸಿ ನನ್ನ ಮುಖ ನೋಡಿತು.
ಗುಲ್ಮ ನನಗೆ ಸೇರುವುದಿಲ್ಲ.
ಇಪ್ಪತ್ತೆರಡು ವರ್ಷದಿಂದ ಹೊಗಳುತ್ತಿದ್ದೇನೆ,
ಒಮ್ಮೆಯೂ ಪೂರ್ತಿ ತಿಂದವಳಲ್ಲ.
ತಣ್ಣಗಿತ್ತು. ಕಬ್ಬಿಣದ ರುಚಿ.
ನಿಂತೇ ತಿಂದೆ, ಕೊನೆಯ ಚೂರನ್ನು ಬೆಕ್ಕಿಗೆ ಕೊಡದೆ.

ಫೋನು ಗುಂಯ್‌ಗುಟ್ಟಿತು, ಕಚೇರಿಯಿಂದ:
ನಾಳೆ ಹದಿನಾಲ್ಕು ಜನ. ಇಬ್ಬರು ಸಸ್ಯಾಹಾರಿ.
ಒಬ್ಬರಿಗೆ ಮೆಟ್ಟಿಲು ಹತ್ತಲಾಗದು.