ಒಂದು ಸುತ್ತು

ಸೆಗೆಡ್ ಊರಿನ ಉಂಗುರ ರಸ್ತೆಯಲ್ಲಿ
ಕೊನೆಯ ಟ್ರಾಲಿಬಸ್ಸು. ಎಟೆಲ್ಕಾ ಮೇಡಂ
ಮಂಜುಗಟ್ಟಿದ ಕಿಟಕಿಗೆ ಬೆರಳಿಟ್ಟು ಬರೆದರು.
ರೇಖೆ ಅಂದರು; ನನಗೆ ಕಂಡದ್ದು ಟೊಳ್ಳು ಬಳೆ.

"ಗುಣಾಂಕ ತುಸುವೇ ಜರುಗಿಸು, ನೋಡು,
ಬಳೆಯ ಒಂದು ಕಡೆ ಕುಣಿಕೆ
ಬಿಗಿದು, ಬಿಗಿದು, ಬಿಂದು."

ಎಲ್ಲಿ ಹೋಯಿತು ಅದು?

"ಬಿಂದುವಿನೊಳಗೆ ಹುಡುಕಬೇಡ, ಬೆಂಡೆಗೂಜ್.
ತಗುಲದ ಹಾಗೆ ಸುತ್ತಿ ಬಾ.
ಹೊರಟಲ್ಲಿಗೇ ಬರುತ್ತೀ. ಅದೇ ಬಳೆ, ಅಷ್ಟೇ ತೂತು.
ಆದರೆ ಕುಣಿಕೆಯನ್ನು ಅಡ್ಡ ಹಾಯ್ದಿದ್ದ ಗೆರೆಯ ಮೈಮೇಲೆ
ಒಂದು ಸುತ್ತು ಹೆಚ್ಚು,
ಇಲ್ಲವಾಗಲಿದ್ದ ಆ ಕುಣಿಕೆಯದೇ."

ಹತ್ತಿದ ನಿಲ್ದಾಣವೇ ಮತ್ತೆ ಬಂತು.
ಅವರು ಇಳಿಯಲಿಲ್ಲ.
ಗಾಜಿನ ಬಳೆ ಹನಿಯಾಗಿ ಜಾರುತ್ತಿತ್ತು;
ನನ್ನ ಟಿಕೇಟಿಗೆ
ಎರಡನೆಯ ತೂತು ಬಿತ್ತು.