ಬಾಕಿ ಭರವಸೆಗಳ ಪಟ್ಟಿ

ಐದು ಸಲ ನಿಂತರು ಗುತ್ಯಪ್ಪನವರು.
ಐದೂ ಸಲ ನಾಮಪತ್ರದ ಕಾಗದ ಟೈಪು ಮಾಡಿದ್ದು ನಾನು,
ಸಾಗರದ ಬಸ್ ಸ್ಟ್ಯಾಂಡಿನೆದುರು, ಮಹಡಿಯ ಮೇಲೆ,
ಪುಟಕ್ಕೆ ಒಂದೂವರೆ ರೂಪಾಯಿ, ಕಾರ್ಬನ್ ಪ್ರತಿಗೆ ಎಂಟಾಣೆ.
ಮೊದಲ ಸಲ ಕೊಟ್ಟರು.
ಆಮೇಲೆ, ಬರೆದಿಟ್ಟುಕೋ ಲಲಿತಾಕ್ಷಿ, ಅಂದರು.
ಬರೆದಿಟ್ಟಿದ್ದೇನೆ.

ಮೊದಲ ಸಲದ ಗುರುತು ಹೊಲಿಗೆ ಮಿಷನ್ನು.
ಹೆಗಲ ಮೇಲೆ ನಿಜದ ಮಿಷನ್ನೇ ಹೊತ್ತು
ಹುಡುಗರು ಕೇರಿ ಕೇರಿ ಅಲೆದರು.
ಹರಿದದ್ದನ್ನೆಲ್ಲ ಹೊಲಿಯುತ್ತೇನೆ, ಅಂದರು ಇವರು.
ಠೇವಣಿ ಉಳಿಯಿತು. ಮಿಷನ್ನು
ಯಾರ ಅಟ್ಟ ಸೇರಿತೋ.

ಎರಡನೆಯ ಸಲ ಗೆದ್ದರು, ಶಿವಮೊಗ್ಗದ ಕಾಲೇಜಿನಲ್ಲಿ,
ರಾತ್ರಿ ಎರಡು ಗಂಟೆಗೆ, ಹಿನ್ನೀರಿನಾಚೆಯ
ಪೆಟ್ಟಿಗೆಗಳು ಕೊನೆಗೆ ತೆರೆದಾಗ.
ಲಾಂಚಿನಲ್ಲಿ ಬಂದ ಮತಪತ್ರ; ತೇವಕ್ಕೆ
ಮಡಿಕೆಯೊಳಗೆ ಶಾಯಿ ಇನ್ನೊಂದು ಗುರುತಿಗೂ ಇಳಿದಿತ್ತು.
ತಕರಾರೆತ್ತಿದ ಎದುರಾಳಿ ಏಜೆಂಟನಿಗೆ
ಅರ್ಧ ನಿನಗೆ, ಅರ್ಧ ನನಗೆ, ಬಾ, ಅಂದರಂತೆ.

ಮೂರನೆಯದು ಗಾಳಿ.
ಆ ವರ್ಷ ಅಡ್ಡಗೋಡೆಯನ್ನು ನಿಲ್ಲಿಸಿದ್ದರೂ ಗೆಲ್ಲುತ್ತಿತ್ತು,
ಅವರದೇ ಮಾತು.
ನಾಲ್ಕನೆಯದು ಹೇಗೆ ಅಂತ ಕೇಳಿದರೆ
ಎಲೆಗೆ ಸುಣ್ಣ ಹಚ್ಚತೊಡಗುತ್ತಾರೆ.

ಮಂತ್ರಿ ಮಾಡಲಿಲ್ಲ. ನಿಗಮ ಕೊಡಲಿಲ್ಲ.
ಕೊಟ್ಟದ್ದು ಸರ್ಕಾರಿ ಭರವಸೆಗಳ ಸಮಿತಿ.
ಸದನದಲ್ಲಿ ಮಂತ್ರಿಗಳು ಆಡಿದ ಮಾತನ್ನು
ಹೆಕ್ಕಿ, ನಂಬರು ಹಾಕಿ, ಆಯಿತೇ ಎಂದು ಕೇಳುವ ಕೆಲಸ.
'ಪರಿಶೀಲಿಸಲಾಗುವುದು' ಎಂಬುದು ಭರವಸೆಯೋ ಅಲ್ಲವೋ
ಅದರ ಮೇಲೆಯೇ ಮೂರು ಸಭೆ ಕಳೆದವು.
ಪ್ರವಾಸಿ ಮಂದಿರದಲ್ಲಿ ಎಂಜಿನಿಯರು
ಕಾಮಗಾರಿ ಪ್ರಗತಿಯಲ್ಲಿದೆ ಸಾರ್, ಅಂದರೆ
ಎಲ್ಲಿಂದ ಎಲ್ಲಿಗೆ, ಫರ್ಲಾಂಗಿನಲ್ಲಿ ಹೇಳಿ, ಅನ್ನುತ್ತಿದ್ದರು.
ಇವರಿಗೆ ಯಾರೂ ಹೆದರಲಿಲ್ಲ, ನಿಜ.
ಕಡತವಿಲ್ಲದೆ ಬರುವುದನ್ನು ಮಾತ್ರ ಬಿಟ್ಟರು.

ಆ ವರ್ಷ ನನ್ನ ಮಿಷನ್ನಿನಲ್ಲಿ
ಮಹಾಪ್ರಾಣದ ಸೀಳು ಸವೆದು ಮೂಡುತ್ತಿರಲಿಲ್ಲ.
ಟಿಪ್ಪಣಿಯ ಉದ್ದಕ್ಕೂ ಬರವಸೆ, ಬರವಸೆ.
ಪೆನ್ನು ಹಿಡಿದು ತಿದ್ದಲು ಕೂತೆ.
ಇರಲಿ ಬಿಡು, ನಮ್ಮ ಕಡೆ ಅದನ್ನು ಅನ್ನುವುದೇ ಹಾಗೆ,
ಅಂದು ಒಯ್ದರು.

ಒಂದು ದಿನ, ನನ್ನೆದುರಿಗೇ, ಮೆಟ್ಟಿಲು ಹತ್ತಿ ಬಂದಳು
ಮಂಡಿಗೆಹಳ್ಳದ ಚೌಡಮ್ಮ.
ನಮ್ಮ ಕಾಲುಸಂಕ ಯಾವ ಪಟ್ಟಿಯಾಗೈತಿ?
ಗುತ್ಯಪ್ಪನವರು ಬಿಡಿಸಿ ಹೇಳಿದರು:
ಮಾತು ಆಡಿದವರು ಮಂತ್ರಿಯಾಗಿರಬೇಕು,
ಆಡಿದ್ದು ಸದನದಲ್ಲಾಗಿರಬೇಕು.
ನಾನು ಹೇಳಿದ್ದು ಜೀಪಿನ ಬಾನೆಟ್ ಮೇಲೆ ನಿಂತು.
ಅದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ, ಚೌಡಮ್ಮ.
ಅವಳು ಕೇಳಿದಳು, ಸಿಟ್ಟಿಲ್ಲದೆ,
ದಾರಿ ಕೇಳುವವಳ ಹಾಗೆ:
ಹಂಗಾರೆ ನೀವು ಯಾರ ವ್ಯಾಪ್ತಿಗೆ ಬತ್ರಿ?
ನಾನು ಸುಮ್ಮನೆ ರಿಬ್ಬನ್ ಬದಲಿಸಿದೆ.

ಐದನೆಯ ಸಲ ಸೋತರು, ಇನ್ನೂರ ಹನ್ನೆರಡಕ್ಕೆ.
ಬೂತುವಾರು ಲೆಕ್ಕ ತಂದು ಹರಡಿ
ಮಂಡಿಗೆಹಳ್ಳವನ್ನೇ ಮೊದಲು ಹುಡುಕಿದರು.
ನೂರ ಆರು. ಹಿಂದಿನ ಸಲವೂ ನೂರ ಆರು.
ಒಂದೂ ಕಮ್ಮಿಯಿಲ್ಲ.
ಸೋತದ್ದನ್ನು ತಡೆದುಕೊಂಡರು, ಅದನ್ನಲ್ಲ.
ಕೈ ಕೊಟ್ಟಿದ್ದರೆ ಸಾಕಿತ್ತು, ಅಂದರು.

ಆಷಾಢದಲ್ಲಿ ಬಸ್ಸಿಳಿದು ಬಂದರು, ಒಬ್ಬರೇ,
ಕೈಯಲ್ಲಿ ನೋಟುಬುಕ್ಕಿನ ಹಾಳೆಗಳು.
ತಾರೀಖು, ಸ್ಥಳ, ಆಡಿದ ಮಾತು, ಷರಾ.
ಇಪ್ಪತ್ತು ವರ್ಷದ್ದು ನೆನಪಿನಿಂದ ತೆಗೆದು
ನೂರ ನಲವತ್ತೊಂದು.
ಷರಾದ ಮನೆ ಬಹಳಷ್ಟು ಖಾಲಿ.
ಎರಡು ದಿನ ಹೊಡೆದೆ. ಕೊನೆಗೆ
ನನ್ನದೂ ಒಂದು ಸಾಲು ಸೇರಿಸಿದೆ:
ಟೈಪಿಂಗ್ ಬಾಬ್ತು, ನಾಲ್ಕುನೂರ ಹನ್ನೆರಡೂವರೆ ರೂಪಾಯಿ.
ಓದಿದರು. ಸಹಿ ಹಾಕಿದರು.
ಅಭ್ಯಾಸಬಲದಿಂದ ಕೆಳಗೆ 'ಅಧ್ಯಕ್ಷರು' ಎಂದು ಬರೆದು,
ನೋಡಿ, ಹೊಡೆದುಹಾಕಿದರು.
ದುಡ್ಡು ಇನ್ನೂ ಬಂದಿಲ್ಲ.

ಕಾರ್ಬನ್ ಪ್ರತಿ ಒಂದು ಚೌಡಮ್ಮನಿಗೆ, ಅಂದರು.
ಅವಳಿಗೆ ಓದಲು ಬರುವುದಿಲ್ಲವಲ್ಲ, ಅಂದೆ.
ಇಟ್ಟುಕೊಳ್ಳಲು ಬರುತ್ತದೆ, ಅಂದರು.