ಬಿಹಾಗ್, ಬೆಳಿಗ್ಗೆ ಏಳಕ್ಕೆ

ಕಿಟಕಿಗೆ ಬೆಳ್ಳಿಕಾಗದ ಅಂಟಿಸಿದವನು
ನನಗಿಂತ ಮುಂಚೆ ಈ ಮಂಚದಲ್ಲಿ ಮಲಗುತ್ತಿದ್ದ ಯಾರೋ.
ಒಂದು ಮೂಲೆ ಕಿತ್ತಿದೆ. ಅಲ್ಲಿಂದ ದೋಹಾದ ಬಿಸಿಲು
ಉಗುರಿನಷ್ಟು ಒಳಬಂದು
ಗೂಟಕ್ಕೆ ಹಾಕಿದ ಅಂಗಿಯ ಮೇಲೆ ಕೂರುತ್ತದೆ.
ಏಳೂಕಾಲಿಗೆ ಮೇಲಿನ ಗುಂಡಿ. ಒಂಬತ್ತಕ್ಕೆ ಜೇಬು.
ನಿದ್ದೆ ಬಾರದ ದಿನ, ಹನ್ನೊಂದಕ್ಕೆ, ನನ್ನ ಮೊಣಕಾಲು.

ಮೊದಲ ತಿಂಗಳು ಹೊಟ್ಟೆಗೆ ಏನೂ ತಿಳಿಯಲಿಲ್ಲ.
ರಾತ್ರಿ ಎರಡಕ್ಕೆ ಅನ್ನ ಸಾರು,
ಬಾಂಗಿನ ಹೊತ್ತಿಗೆ ಆಕಳಿಕೆ,
'ಊಟ ಆತೇನ್ರೀ' ಎಂದು ಸುವರ್ಣಾ ಕೇಳಿದರೆ
ಯಾವುದು ಎಂದು ಬೆರಳು ಮಡಿಸಬೇಕಿತ್ತು.

ಲುಸೈಲಿನಲ್ಲಿ, ನೆಲದಡಿ, ಐದು ಚಿಲ್ಲರುಗಳು
ಗೋಪುರಗಳಿಗೆ ತಣ್ಣೀರು ತಳ್ಳುತ್ತವೆ.
ನಲವತ್ತನೆಯ ಅಂತಸ್ತಿನಲ್ಲಿ ಯಾರೋ ಚಳಿಯೆಂದು
ಹೊದಿಕೆ ಎಳೆದುಕೊಳ್ಳಲಿ ಅಂತ
ನಾನು ಎಚ್ಚರ.

ಅಪ್ಪ ಗದಗಿನಲ್ಲಿ ಪೇಟಿ ರಿಪೇರಿ ಮಾಡುತ್ತಿದ್ದ.
ಹಿತ್ತಾಳೆ ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ,
ಬುಡ ಕೆರೆದರೆ ಇಳಿಯುತ್ತದೆ.
ನನಗೆ ಕಲಿಸಿದ್ದು ಇಷ್ಟು, ಮತ್ತೆ ಹೊತ್ತಿನ ಕಟ್ಟಳೆ.
ಶಾಲೆಗೆ ಹೊರಟವನು ಬಿಹಾಗ್ ಗುನುಗಿದ್ದಕ್ಕೆ
ಅರದ ಹಿಡಿಯಿಂದ ತಲೆಗೆ ಮೊಟಕಿದ್ದ:
'ಮುಂಜಾನೆದ್ದು ಅದೇನಲೇ,
ಹಾಸಿಗಿ ಹಾಸೂ ಹೊತ್ತಿನ ರಾಗ!'

ಅಪ್ಪಾ, ಇಲ್ಲಿ ಹಾಸಿಗೆ ಹಾಸುವುದೇ ಮುಂಜಾನೆ.

ಆರಕ್ಕೆ ಪಾಳಿ ಬಿಡುತ್ತದೆ. ಬಾಗಿಲು ತೆರೆದೊಡನೆ
ಕನ್ನಡಕ ಬೆವರುತ್ತದೆ, ಅದನ್ನು ಒರೆಸುವಷ್ಟರಲ್ಲಿ
ಹಗಲಿನವರ ಬಸ್ಸು ಬಂದು ನಿಲ್ಲುತ್ತದೆ.
ನೇಪಾಳದ ತಿಲಬಹಾದುರ್ ಇಳಿಯುತ್ತ ಕೈ ಎತ್ತುತ್ತಾನೆ.
ನನ್ನ ಮೇಲಿನ ಮಂಚ ಅವನದು. ಹದಿನಾಲ್ಕು ತಿಂಗಳಲ್ಲಿ
ಕೂತು ಮಾತಾಡಿದ್ದು ಶುಕ್ರವಾರ ಮಾತ್ರ.
ಕೋಣೆಯಲ್ಲಿ ಅವನ ಚಹಾದ ಪಾತ್ರೆ ಇನ್ನೂ ಉಗುರುಬೆಚ್ಚಗೆ.

ಕಾಲು ಚಾಚಿ, ಎಡಗಿವಿಗೆ ಇಯರ್‌ಫೋನ್.
ಬಲಗಡೆಯದು ಸತ್ತು ವರ್ಷವಾಯಿತು.
ಹಾಡುವವಳು ಸೋನಕ್ಕ. ನಾಟಕ ಕಂಪನಿ ಮುಚ್ಚಿದ ಮೇಲೆ
ಮಕ್ಕಳಿಗೆ ಪಾಠ ಹೇಳುತ್ತಿದ್ದವಳು.
ದುರಸ್ತಿಯಾದ ಪೇಟಿ ಒಯ್ಯಲು ಬಂದು, ನೋಡೋಣವೆಂದು
ಅಂಗಡಿಯ ಕಟ್ಟೆಯ ಮೇಲೇ ಕೂತು ಇಪ್ಪತ್ತು ನಿಮಿಷ ಹಾಡಿದ್ದಳು.
ನಾನು ಕ್ಯಾಸೆಟ್ಟು ಒತ್ತಿದ್ದೆ, ಹಾಡಿಗಲ್ಲ,
ಹೊಸ ಟೇಪ್ ರೆಕಾರ್ಡರಿನ ಹುಚ್ಚಿಗೆ.
ನಡುವೆ ಸೈಕಲ್ಲಿನ ಗಂಟೆ, ಕಡಲೆ ಮಾರುವವನ ಕೂಗು,
ಏಳನೆಯ ನಿಮಿಷಕ್ಕೆ ಅಪ್ಪ:
'ತಡೀವಾ ಸೋನಕ್ಕ, ನಿಷಾದ ಒಂದೆಳಿ ಏರೈತಿ.'
ಅವಳು ತಡೆಯುವುದಿಲ್ಲ.

ಚಿಲ್ಲರುಗಳ ಬಳಿ ಕಿವಿಗೆ ಮುಚ್ಚಳ ಕಡ್ಡಾಯ.
ಕಳೆದ ವಾರ, ಮೂರನೆಯದರ ಮುಂದೆ,
ಮುಚ್ಚಳ ಅರ್ಧ ಸರಿಸಿ ಕೇಳಿದೆ.
ಎಂಜಿನಿಯರ್ ಎಡ್ಗಾರ್ಡೊ ಪರದೆ ತೋರಿಸಿದ: ಎಲ್ಲ ಹಸಿರು.
'ಏರಿದೆ' ಎಂದೆ. 'ಏನು ಏರಿದೆ? ಒತ್ತಡವಾ? ಉಷ್ಣವಾ?'
ನನ್ನಲ್ಲಿ ಇಂಗ್ಲಿಷಿರಲಿಲ್ಲ, ಅವನಲ್ಲಿ ನಿಷಾದವಿರಲಿಲ್ಲ.
'ಮೂರು, ಸದ್ದು ಬೇರೆ' ಎಂದು ದಾಖಲೆ ಪುಸ್ತಕದಲ್ಲಿ ಬರೆದೆ.
ಬುಡ ಕೆರೆದರೆ ಇಳಿದೀತು ಎಂದು ಬರೆಯಲಿಲ್ಲ.
ಬುಧವಾರ ಅದನ್ನು ನಿಲ್ಲಿಸಿ ಬಿಚ್ಚಿದರು, ಬೇರಿಂಗ್ ಸವೆದಿತ್ತಂತೆ.
ನನಗೆ ಹೇಗೆ ಗೊತ್ತಾಯಿತೆಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ ಎಲ್ಲಿಂದ ಶುರು ಮಾಡಬೇಕಿತ್ತು, ಗದಗಿನಿಂದಲೇ?

ಈಗ ಏಳೂವರೆ. ಓಣಿಯಲ್ಲಿ ನೀರಿನ ಟ್ಯಾಂಕರು
ಹಿಂದಕ್ಕೆ ಸರಿಯುತ್ತ ಕಿರುಚುತ್ತಿದೆ.
ಸೋನಕ್ಕ ವಿಲಂಬಿತದಲ್ಲಿ ಇನ್ನೂ ಗಾಂಧಾರದ ಹತ್ತಿರ.
ಕೊನೆಗೆ ಅವಳು ದ್ರುತ್‌ಗೆ ಹೊರಳುತ್ತಾಳೆ, ಗೊತ್ತು,
ಆದರೆ ಅದನ್ನು ಕೇಳಿ ಎಷ್ಟೋ ದಿನವಾಯಿತು.
ಅಪ್ಪ ತಡೆಯುವವರೆಗೆ ಎಚ್ಚರವಿರುತ್ತೇನೆ.
ಕೆಲವು ದಿನ
ಅಲ್ಲಿಯವರೆಗೂ ಇಲ್ಲ.